ಮಳೆಗಾಲದಲ್ಲಿ ಪಾಲಿಮರ್ ಫೋಟೊಡಯೋಡ್: ಕತ್ತಲಲ್ಲೂ ಇಷ್ಟು ಕರೆಂಟ್ ಯಾಕೆ?

ಪ್ರಶ್ನೆ: ಅಂಕೋಲೆ_ಕೆಮಿಸ್ಟ್ರಿ

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲೆಯವಳು. ಕಾರವಾರದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಕೊನೇ ವರ್ಷ. ಪ್ರಾಜೆಕ್ಟ್‌ಗೆ ಪಾಲಿಮರ್ ಫೋಟೊಡಯೋಡ್, ಅಂದರೆ ಬೆಳಕು ಬಿದ್ದಾಗ ಕರೆಂಟ್ ಕೊಡುವ ಪ್ಲಾಸ್ಟಿಕ್ ಡಯೋಡ್, ಆರಿಸಿಕೊಂಡಿದ್ದೇನೆ.

ರಚನೆ ಮಾಮೂಲಿಯದೇ. ಗಾಜಿನ ಮೇಲೆ ಐಟಿಒ (ಕರೆಂಟ್ ಒಯ್ಯುವ ಪಾರದರ್ಶಕ ಪದರ), ಅದರ ಮೇಲೆ ಪೆಡಾಟ್-ಪಿಎಸ್‌ಎಸ್ (ವಾಹಕ ಪಾಲಿಮರ್), ಆಮೇಲೆ ಪಿ3ಎಚ್‌ಟಿ (ಬೆಳಕು ಹೀರುವ ಪಾಲಿಮರ್) ಮತ್ತು ಪಿಸಿಬಿಎಂ (ಎಲೆಕ್ಟ್ರಾನ್ ಪಡೆಯುವ ಫುಲ್ಲರೀನ್) ಮಿಶ್ರಣ, ಕೊನೆಗೆ ಅಲ್ಯೂಮಿನಿಯಂ. ಗಾಜನ್ನು ಗಿರಗಿರ ತಿರುಗಿಸಿ ದ್ರಾವಣವನ್ನು ತೆಳುವಾಗಿ ಹರಡುವ ಸ್ಪಿನ್ ಕೋಟಿಂಗ್ ನಮ್ಮ ಲ್ಯಾಬ್‌ನಲ್ಲೇ ಆಗುತ್ತದೆ. ಅಲ್ಯೂಮಿನಿಯಂ ಕೂರಿಸುವ ವ್ಯಾಕ್ಯೂಮ್ ಯಂತ್ರ ನಮ್ಮಲ್ಲಿಲ್ಲ. ಫಿಲ್ಮ್‌ಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಧಾರವಾಡಕ್ಕೆ ಒಯ್ಯುತ್ತೇನೆ.

ಫೆಬ್ರವರಿಯಲ್ಲಿ ಮಾಡಿದ ಡಯೋಡ್‌ಗಳು ಚೆನ್ನಾಗಿದ್ದವು. ಜುಲೈನಲ್ಲಿ ಮಾಡಿದವುಗಳಲ್ಲಿ ಮೈನಸ್ 2 ವೋಲ್ಟ್‌ನಲ್ಲಿ ಕತ್ತಲ ಕರೆಂಟ್ (ಬೆಳಕಿಲ್ಲದಾಗಲೂ ಹರಿಯುವ ಕರೆಂಟ್) ನೂರು ಪಟ್ಟಿಗಿಂತ ಜಾಸ್ತಿ. ಬೆಳಕು ಬಿಟ್ಟಾಗ ಬರುವ ಕರೆಂಟ್ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇದೆ. ಇನ್ನೊಂದು ವಿಷಯ ಹೇಳಬೇಕು. ಫೆಬ್ರವರಿಯದ್ದು ಕೊಂಡು ತಂದ ಪಿ3ಎಚ್‌ಟಿ. ಜುಲೈಯದ್ದು ನಾವೇ ಫೆರಿಕ್ ಕ್ಲೋರೈಡ್ ಬಳಸಿ ಮಾಡಿದ್ದು.

ಗೈಡ್ ಹೇಳುವುದು, "ಬೆಳಕಿನ ಕರೆಂಟ್ ಸರಿ ಇದ್ದರೆ ಸಾಕು, ಬರೆದು ಮುಗಿಸು" ಅಂತ. ನನಗೆ ಹಾಗೆ ಬಿಡಲು ಮನಸ್ಸಿಲ್ಲ. ನನ್ನ ಆಸೆ ಮುಂದೆ ಇದರಿಂದ ಒಣ ಅಡಿಕೆಯ ತೇವ ಅಳೆಯಬೇಕು ಅಂತ. ನೀರು 970 ನ್ಯಾನೊಮೀಟರ್ ಹತ್ತಿರ ಬೆಳಕು ಹೀರುತ್ತದೆ ಎಂದು ಓದಿದ್ದೇನೆ. ಪಿ3ಎಚ್‌ಟಿಗೆ ಅಷ್ಟು ದೂರ ಕಾಣುವುದಿಲ್ಲ ಅಲ್ವಾ? ಹಾಗಾದರೆ ಪಾಲಿಮರ್‌ನಲ್ಲಿ ಏನು ಬದಲಿಸಬೇಕು? ಮಳೆಗಾಲದ ಸಮಸ್ಯೆಗೆ ಏನು ಮಾಡಬೇಕು? ತಿಳಿದವರು ಹೇಳಿ.

ಉತ್ತರ: ಕುಮಟಾ_ಎಲೆಕ್ಟ್ರಾನಿಕ್ಸ್

ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು. ಕೆಮಿಸ್ಟ್ರಿ ಬೇರೆಯವರು ಹೇಳಲಿ, ನಾನು ಅಳತೆಯ ಬಗ್ಗೆ ಹೇಳುತ್ತೇನೆ.

ಮೊದಲು ನಿಮ್ಮ ಕತ್ತಲು ನಿಜವಾದ ಕತ್ತಲೇ ಅಂತ ನೋಡಿ. ಕಪ್ಪು ಬಟ್ಟೆ ಹೊದಿಸಿದರೆ ಸಾಲದು. ಒಳಗೆ ಕಪ್ಪು ಬಣ್ಣ ಬಳಿದ ತಗಡಿನ ಪೆಟ್ಟಿಗೆ ಮಾಡಿಸಿ, ಪೆಟ್ಟಿಗೆಯನ್ನು ಗ್ರೌಂಡ್ ಮಾಡಿ. ಆಮೇಲೆ ಆಂಪ್ಲಿಫೈಯರ್ ಔಟ್‌ಪುಟ್ ಅನ್ನು ಆಸಿಲೋಸ್ಕೋಪ್‌ನಲ್ಲಿ ನೋಡಿ. 100 ಹರ್ಟ್ಸ್ ಅಲೆ ಕಂಡರೆ ಎಲ್ಲಿಂದಲೋ ಟ್ಯೂಬ್‌ಲೈಟಿನ ಬೆಳಕು ನುಸುಳುತ್ತಿದೆ ಎಂದು ಅನುಮಾನ ಪಡಿ. 50 ಹರ್ಟ್ಸ್ ಕಂಡರೆ ಬಹುತೇಕ ಅದು ಕೇಬಲ್ ಹಿಡಿದು ತರುತ್ತಿರುವ ಮೇನ್ಸ್. ಲೈಟ್ ಆರಿಸಿ ಇನ್ನೊಮ್ಮೆ ನೋಡಿದರೆ ಗೊತ್ತಾಗುತ್ತದೆ.

ಪ್ಲಸ್ ಅರ್ಧ ವೋಲ್ಟ್, ಮೈನಸ್ ಅರ್ಧ ವೋಲ್ಟ್ ಎರಡರಲ್ಲೂ ಕರೆಂಟ್ ಅಳೆಯಿರಿ. ಎರಡೂ ಕಡೆ ಒಂದೇ ಅಳತೆ, ನೇರ ಗೆರೆ ಬಂದರೆ ಬಹುತೇಕ ಫಿಲ್ಮ್‌ನಲ್ಲಿ ತೂತು ಇದೆ, ಅಲ್ಯೂಮಿನಿಯಂ ಕೆಳಗಿಳಿದು ತಾಗಿದೆ. ಅದಕ್ಕೂ ಮಳೆಗೂ ಸಂಬಂಧವಿಲ್ಲ. ಕರಗದೆ ಉಳಿದ ಕಣವೋ ಧೂಳೋ ಕಾರಣ. ಸ್ಪಿನ್ ಮಾಡುವ ಮೊದಲು ದ್ರಾವಣವನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ.

ಅಡಿಕೆಯ ತೇವಕ್ಕೆ ಮಾತ್ರ ಪಾಲಿಮರ್ ಯಾಕೆ ಅಂತ ಅರ್ಥವಾಗಲಿಲ್ಲ. ಸಿಲಿಕಾನ್ 1100 ನ್ಯಾನೊಮೀಟರ್‌ವರೆಗೆ ಕಾಣುತ್ತದೆ. ಬಿಪಿಡಬ್ಲ್ಯು34 ಅನ್ನುವ ಫೋಟೊಡಯೋಡ್ ಅಗ್ಗ, ಎಲ್ಲಾ ಕಡೆ ಸಿಗುತ್ತದೆ. 7.5 ಚದರ ಮಿಲಿಮೀಟರ್ ವಿಸ್ತೀರ್ಣ, 10 ವೋಲ್ಟ್‌ನಲ್ಲಿ ಕತ್ತಲ ಕರೆಂಟ್ ಸಾಮಾನ್ಯವಾಗಿ 2 ನ್ಯಾನೊ ಆಂಪಿಯರ್. ಅದನ್ನು ಹಾಕಿ ಮುಗಿಸಬಹುದಲ್ಲ?

ಉತ್ತರ: ಸೋಂದೆ_ಪಾಲಿಮರ್

ನಾನು ಶಿರಸಿ ಕಡೆಯವನು. ಈಗ ಬೆಂಗಳೂರಿನಲ್ಲಿ ಪಾಲಿಮರ್ ಮಾಡುವುದೇ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಗೈಡ್ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಬೆಳಕಿನ ಕರೆಂಟ್ ಸರಿ ಇದ್ದರೆ ಸಾಕು ಅನ್ನುವುದು ಸೋಲಾರ್ ಸೆಲ್ ಮಾತು. ಅಲ್ಲಿ ಬಿಸಿಲು ಧಾರಾಳ ಇರುತ್ತದೆ, ಕತ್ತಲಲ್ಲಿ ಒಂದಿಷ್ಟು ಸೋರಿದರೂ ನಡೆಯುತ್ತದೆ. ಬೆಳಕು ಅಳೆಯುವ ಡಯೋಡ್‌ಗೆ ಕತ್ತಲೇ ಪರೀಕ್ಷೆ. ತಕ್ಕಡಿ ಖಾಲಿ ಇರುವಾಗಲೇ ಮುಳ್ಳು ಅಲುಗಾಡುತ್ತಿದ್ದರೆ ಅದರಲ್ಲಿ ಗ್ರಾಂ ಲೆಕ್ಕ ತೂಗಲು ಆಗುತ್ತದಾ? ನೀವು ಬಿಡದೆ ಹಿಡಿದಿದ್ದು ಸರಿಯಾದ ಜಾಗ.

ಕುಮಟಾ ಸರ್ ಕೊಟ್ಟ ಅಂಕಿಯನ್ನೇ ತಗೊಳ್ಳಿ. 2 ನ್ಯಾನೊ ಆಂಪಿಯರ್ ಅನ್ನು 7.5 ಚದರ ಮಿಲಿಮೀಟರ್‌ಗೆ ಹಂಚಿದರೆ ಚದರ ಸೆಂಟಿಮೀಟರ್‌ಗೆ ಸುಮಾರು 27 ನ್ಯಾನೊ ಆಂಪಿಯರ್. ಒಳ್ಳೆಯ ಪಾಲಿಮರ್ ಡಯೋಡ್‌ಗಳಲ್ಲಿ, 1ರಿಂದ 2 ವೋಲ್ಟ್‌ನ ಕಡಿಮೆ ಒತ್ತಡದಲ್ಲಿ, ಚದರ ಸೆಂಟಿಮೀಟರ್‌ಗೆ 1 ನ್ಯಾನೊ ಆಂಪಿಯರ್‌ಗಿಂತ ಕೆಳಗೆ ಇಳಿಸಿದವರಿದ್ದಾರೆ. ವೋಲ್ಟ್ ಬೇರೆ ಬೇರೆ ಆದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ಗೆದ್ದೆವು ಅನ್ನಬಾರದು. ಆದರೆ ಪಾಲಿಮರ್ ಅಂದರೆ ಸೋರುವ ಸರಕು ಅನ್ನುವುದೂ ಸುಳ್ಳು.

ಈಗ ನಿಮ್ಮ ಜುಲೈ ಡಯೋಡ್. ಹವೆ, ಪಾಲಿಮರ್ ಎರಡೂ ಒಟ್ಟಿಗೆ ಬದಲಾಗಿವೆ. ನನ್ನ ಅನುಮಾನ ಮೊದಲು ಪಾಲಿಮರ್ ಮೇಲೆ.

ಫೆರಿಕ್ ಕ್ಲೋರೈಡ್ ಎರಡು ಕೆಲಸ ಮಾಡುತ್ತದೆ. ಥಯೋಫೀನ್ ಉಂಗುರಗಳನ್ನು ಸರಪಳಿಯಾಗಿ ಜೋಡಿಸುತ್ತದೆ, ಹಾಗೆಯೇ ಸರಪಳಿಯಿಂದ ಎಲೆಕ್ಟ್ರಾನ್ ಕಿತ್ತು ಡೋಪ್ ಕೂಡ ಮಾಡುತ್ತದೆ. ಪಾಲಿಮರ್ ಮೊದಲು ಕಪ್ಪಗೆ ಬರುವುದು ಅದಕ್ಕೇ. ಡೋಪ್ ಮಾಡಿದರೆ ಪಾಲಿಮರ್ ವಾಹಕವಾಗುತ್ತದೆ ಅನ್ನುವುದನ್ನು 1977ರಲ್ಲಿ ಶಿರಾಕಾವಾ, ಮೆಕ್‌ಡಿಯರ್ಮಿಡ್, ಹೀಗರ್ ಪಾಲಿಅಸೆಟಿಲೀನ್‌ನಲ್ಲಿ ತೋರಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಬಂದಿದ್ದು ಅದಕ್ಕೆ. ನಮಗೆ ಇಲ್ಲಿ ಬೇಕಾಗಿರುವುದು ಅದರ ತದ್ವಿರುದ್ಧ. ಬೆಳಕು ಬೀಳುವವರೆಗೆ ಫಿಲ್ಮ್‌ನಲ್ಲಿ ಓಡಾಡುವ ಚಾರ್ಜ್ ಆದಷ್ಟು ಕಡಿಮೆ ಇರಬೇಕು.

ಮೆಥನಾಲ್‌ನಲ್ಲಿ ತೊಳೆದರೆ ಡೋಪಿಂಗ್ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ ಅಮೋನಿಯಾ ನೀರಿನ ಜೊತೆ ಚೆನ್ನಾಗಿ ಕಲಕಿ, ಪದರ ಬೇರೆ ಮಾಡಿ, ನೀರಿನಲ್ಲಿ ತೊಳೆದು, ಮತ್ತೆ ಮೆಥನಾಲ್‌ಗೆ ಸುರಿದು ಇಳಿಸಿ. ಆಮೇಲೆ ಸಾಕ್ಸ್‌ಲೆಟ್. ಅದು ದ್ರಾವಕವನ್ನು ಕುದಿಸಿ ಮತ್ತೆ ಮತ್ತೆ ಹರಿಸಿ ತೊಳೆಯುವ ಉಪಕರಣ. ಮೊದಲು ಮೆಥನಾಲ್, ಆಮೇಲೆ ಅಸಿಟೋನ್, ಆಮೇಲೆ ಹೆಕ್ಸೇನ್. ಹೆಕ್ಸೇನ್‌ನಲ್ಲಿ ಇಳಿಯುವ ಬಣ್ಣದ ನೀರು ಗಿಡ್ಡ ಸರಪಳಿಗಳದ್ದು, ಅದು ತೆಳುವಾಗುವವರೆಗೆ ಓಡಲಿ. ಕೊನೆಗೆ ಕ್ಲೋರೋಫಾರ್ಮ್ ಹಾಕಿದಾಗ ಇಳಿಯುವ ಗಾಢ ಕಿತ್ತಳೆ ದ್ರಾವಣವೇ ನಿಮಗೆ ಬೇಕಾದ ಪಾಲಿಮರ್. ಇದಕ್ಕೆ ತಾಳ್ಮೆ ಬೇಕು. ರಾತ್ರಿ ಬಿಟ್ಟು ಹೋಗುವುದಾದರೆ ಕಂಡೆನ್ಸರ್ ನೀರಿನ ಪೈಪ್ ಬಿಗಿದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಡೋಪಿಂಗ್ ಉಳಿದಿದೆಯಾ ಎಂದು ನೋಡಲು ದೊಡ್ಡ ಯಂತ್ರ ಬೇಡ. ಗಾಜಿನ ಮೇಲೆ ಬರೀ ಪಿ3ಎಚ್‌ಟಿ ಫಿಲ್ಮ್ ಎಳೆದು ಯುವಿ-ವಿಸಿಬಲ್ (ಯಾವ ತರಂಗದ ಬೆಳಕನ್ನು ಎಷ್ಟು ಹೀರುತ್ತದೆ ಅನ್ನುವ ಗ್ರಾಫ್) ತೆಗೆಯಿರಿ. 650 ನ್ಯಾನೊಮೀಟರ್ ದಾಟಿದ ಮೇಲೆ ಗೆರೆ ಬೇಗ ಇಳಿದು ಚಪ್ಪಟೆ ಆಗಬೇಕು. 800ರ ಸುತ್ತ ಅಗಲವಾದ ದಿಬ್ಬ ಕಂಡರೆ ಡೋಪ್ ಆದ ಸರಪಳಿ ಇದೆ ಅಂತ ಅರ್ಥ. ಕೊಂಡ ಪಾಲಿಮರ್‌ನ ಗೆರೆಯನ್ನೂ ಅದೇ ಹಾಳೆಯಲ್ಲಿ ಹಾಕಿ ನೋಡಿ. ಜೊತೆಗೆ ಸರಪಳಿಯ ಜೋಡಣೆ ತೋರಿಸುವ ಎನ್‌ಎಂಆರ್ ಪರೀಕ್ಷೆ ಮಾಡಿಸಿ. ಉಂಗುರಕ್ಕೆ ಅಂಟಿದ ಮೊದಲ ಸಿಎಚ್2 ಗುಂಪು ತಲೆ-ಬಾಲ (ಉಂಗುರಗಳೆಲ್ಲ ಒಂದೇ ದಿಕ್ಕಿಗಿರುವ) ಜೋಡಣೆಯಲ್ಲಿ 2.8 ಪಿಪಿಎಂ ಹತ್ತಿರ, ತಲೆ-ತಲೆ ಜೋಡಣೆಯಲ್ಲಿ 2.6ರ ಹತ್ತಿರ ಕಾಣುತ್ತದೆ. ಫೆರಿಕ್ ಕ್ಲೋರೈಡ್ ದಾರಿಯಲ್ಲಿ ತಲೆ-ಬಾಲ ಸಾಮಾನ್ಯವಾಗಿ ನೂರಕ್ಕೆ 70ರಿಂದ 80. ಗ್ರಿನ್ಯಾರ್ (ಮೆಗ್ನೀಸಿಯಂ ಸಂಯುಕ್ತ) ಮತ್ತು ನಿಕಲ್ ದಾರಿಯಲ್ಲಿ 95 ದಾಟುತ್ತದೆ. ಜೋಡಣೆ ಓರಣವಾಗಿದ್ದಷ್ಟೂ ಸರಪಳಿಗಳು ಒತ್ತಾಗಿ ಕೂರುತ್ತವೆ, ಚಾರ್ಜ್ ಸಿಕ್ಕಿಬೀಳುವ ಹಳ್ಳಗಳು ಕಡಿಮೆ.

ಗ್ರಿನ್ಯಾರ್ ದಾರಿ ಹಿಡಿಯುವುದಾದರೆ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಕಾರವಾರದಲ್ಲಿ ಬೇಡ ಅನ್ನುತ್ತೇನೆ, ನೀರು ತಾಗಿದರೆ ಗ್ರಿನ್ಯಾರ್ ಕೆಡುತ್ತದೆ. ಟಿಎಚ್‌ಎಫ್ ದ್ರಾವಕವನ್ನು ಸೋಡಿಯಂ ಮತ್ತು ಬೆಂಜೋಫಿನೋನ್ ಜೊತೆ ಕುದಿಸುವಾಗ ಅದು ಗಾಢ ನೀಲಿಗೆ ತಿರುಗಿ ಹಾಗೇ ನಿಲ್ಲಬೇಕು. ನಿಂತರೆ ನೀರಿಲ್ಲ. ಹೊರಗೆ ಕಡಲ ಗಾಳಿ, ಗೋಡೆಯೇ ಬೆವರುವ ಹವೆ ಇರುವಾಗ ಅಷ್ಟು ಒಣಗಿಸಿದ ದ್ರಾವಕವನ್ನೂ ಸಿರಿಂಜ್‌ನಲ್ಲಿ ಎಳೆದು ಹಾಕುವ ಹೊತ್ತಿಗೆ ನೀರು ಸೇರಿಕೊಳ್ಳಬಹುದು. ಜನವರಿಯಲ್ಲಿ ಮಾಡಿಟ್ಟುಕೊಳ್ಳಿ.

ಹವೆಯದ್ದೂ ಪಾಲಿದೆ. ಪಿ3ಎಚ್‌ಟಿ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವ ಪಾಲಿಮರ್. ಗಾಳಿಯ ಆಮ್ಲಜನಕ ಅದರ ಜೊತೆ ಸಡಿಲವಾಗಿ ಕೂಡಿಕೊಂಡು ತೆಳುವಾಗಿ ಡೋಪ್ ಮಾಡುತ್ತದೆ. ಸಮಾಧಾನದ ವಿಷಯ ಅಂದರೆ ಇದರಲ್ಲಿ ಬಹುಪಾಲು ವಾಪಸ್ ಹೋಗುತ್ತದೆ. ವ್ಯಾಕ್ಯೂಮ್ ಓವನ್‌ನಲ್ಲಿ 110 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಅಲ್ಲೇ ತಣ್ಣಗಾಗಲು ಬಿಟ್ಟು, ತೆಗೆದ ಕೂಡಲೇ ಅಳೆಯಿರಿ. ಕತ್ತಲ ಕರೆಂಟ್ ಇಳಿದರೆ ಆ ಭಾಗ ಗಾಳಿಯದ್ದು, ನೀರಿನದ್ದು. ಇಳಿಯದೆ ಉಳಿದದ್ದು ಬಹುತೇಕ ಫೆರಿಕ್ ಕ್ಲೋರೈಡಿನ ಕಬ್ಬಿಣದ್ದು. ಜಾಸ್ತಿ ಹೊತ್ತು ಬೇಯಿಸಬೇಡಿ, ಪಿಸಿಬಿಎಂ ಗಂಟುಗಟ್ಟುತ್ತದೆ.

ಪೆಡಾಟ್-ಪಿಎಸ್‌ಎಸ್ ನಮ್ಮ ಕರಾವಳಿಗೆ ಆಗಿಬರುವ ಸರಕಲ್ಲ. ಅದು ಆಮ್ಲ, ನೀರು ಕುಡಿಯುತ್ತದೆ, ನಿಧಾನಕ್ಕೆ ಐಟಿಒವನ್ನೂ ತಿನ್ನುತ್ತದೆ. ಅಲ್ಯೂಮಿನಿಯಂನ ಆಚೆಗೂ ಹರಡಿಕೊಂಡ ಪೆಡಾಟ್ ಪದರ ಅಡ್ಡಡ್ಡ ಕರೆಂಟ್ ಒಯ್ಯುತ್ತದೆ, ಡಯೋಡಿನ ವಿಸ್ತೀರ್ಣ ಎಷ್ಟು ಅನ್ನುವ ಲೆಕ್ಕವೇ ತಪ್ಪುತ್ತದೆ. ರಚನೆ ತಿರುಗಿಸಿ. ಐಟಿಒ ಮೇಲೆ ಜಿಂಕ್ ಆಕ್ಸೈಡ್, ಆಮೇಲೆ ಪಾಲಿಮರ್ ಮಿಶ್ರಣ, ಆಮೇಲೆ ಮಾಲಿಬ್ಡಿನಂ ಆಕ್ಸೈಡ್, ಕೊನೆಗೆ ಬೆಳ್ಳಿ. ಫಿಲ್ಮ್ ದಪ್ಪ ಮಾಡಿ. 100 ನ್ಯಾನೊಮೀಟರ್ ಸೋಲಾರ್ ಸೆಲ್‌ಗೆ ಸರಿ, ಇಲ್ಲಿ 300ರಿಂದ 500 ಇರಲಿ. ಅಷ್ಟು ದಪ್ಪದಲ್ಲಿ ತೂತೂ ಮುಚ್ಚುತ್ತದೆ, ಅದೇ ವೋಲ್ಟ್‌ಗೆ ಒಳಗಿನ ಸೆಳೆತವೂ ಇಳಿಯುತ್ತದೆ. ಇನ್ನು ಆ ಪ್ಲಾಸ್ಟಿಕ್ ಡಬ್ಬಿ. ಅರಬೈಲ್ ಘಟ್ಟದ ಮಂಜಿನಲ್ಲಿ ಬರೀ ಡಬ್ಬಿ ಸಾಲದು. ಬಿಗಿ ಮುಚ್ಚಳದ ಗಾಜಿನ ಜಾಡಿ, ಒಳಗೆ ಹೊಸದಾಗಿ ಬಿಸಿ ಮಾಡಿದ ಸಿಲಿಕಾ ಜೆಲ್, ಮುಚ್ಚುವ ಮೊದಲು ನೈಟ್ರೋಜನ್ ಊದಿಸಿ. ಮೇಲೆ ಕಪ್ಪು ಕಾಗದ ಸುತ್ತಿ, ಯಾಕೆಂದರೆ ಗಾಳಿ ಮತ್ತು ಬೆಳಕು ಎರಡೂ ಸೇರಿದರೆ ಪಿ3ಎಚ್‌ಟಿ ಶಾಶ್ವತವಾಗಿ ಕೆಡುತ್ತದೆ.

970ರ ವಿಷಯ. 1240ನ್ನು ನ್ಯಾನೊಮೀಟರ್‌ನಿಂದ ಭಾಗಿಸಿದರೆ ಬೆಳಕಿನ ಕಣದ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಬರುತ್ತದೆ. 970ಕ್ಕೆ ಸುಮಾರು 1.28. ಪಿ3ಎಚ್‌ಟಿಯ ಬ್ಯಾಂಡ್ ಗ್ಯಾಪ್ (ಬೆಳಕು ಹೀರಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 1.9, ಅಂದರೆ 650ರಲ್ಲೇ ಅದರ ಕಣ್ಣು ಮುಚ್ಚುತ್ತದೆ. ಗ್ಯಾಪ್ ಕಿರಿದು ಮಾಡಲು ಸರಪಳಿಯಲ್ಲಿ ಎಲೆಕ್ಟ್ರಾನ್ ಕೊಡುವ ತುಂಡು, ಎಳೆಯುವ ತುಂಡು ಒಂದಾದ ಮೇಲೊಂದು ಪೋಣಿಸುತ್ತೇವೆ. ಎಳೆಯುವ ತುಂಡುಗಳಲ್ಲಿ ನನಗೆ ತುಂಬ ಇಷ್ಟದ್ದು ಡಿಪಿಪಿ, ಅಂದರೆ ಡೈಕೀಟೊಪಿರೋಲೊಪಿರೋಲ್. ಕಾರಿನ ಕೆಂಪು ಪೇಂಟ್‌ಗೆ ಬಳಸುವ ಪಿಗ್ಮೆಂಟ್ ರೆಡ್ 254 ಇದೇ ಕುಟುಂಬದ್ದು. ಅದೇ ಉಂಗುರಗಳಿಗೆ ಕವಲೊಡೆದ ಉದ್ದ ಆಲ್ಕೈಲ್ ಸರಪಳಿ ಕಟ್ಟಿ ಕರಗುವಂತೆ ಮಾಡಿ, ನಡುವೆ ಥಯೋಫೀನ್ ಹಾಕಿದರೆ ಗ್ಯಾಪ್ 1.3ರ ಹತ್ತಿರ ಬರುತ್ತದೆ. 2009ರಲ್ಲಿ ಹೀಗರ್ ಗುಂಪು ಇನ್ನೊಂದು ಕಿರಿ ಗ್ಯಾಪ್ ಪಾಲಿಮರ್‌ನಿಂದ 300ರಿಂದ 1450 ನ್ಯಾನೊಮೀಟರ್‌ವರೆಗೆ ಕಾಣುವ ಡಯೋಡ್ ತೋರಿಸಿತು.

ಆದರೆ ಗ್ಯಾಪ್ ಕಿರಿದಾದ ಹಾಗೆ ಕೋಣೆಯ ಶಾಖವೇ ಚಾರ್ಜ್ ಹುಟ್ಟಿಸಲು ಶುರು ಮಾಡುತ್ತದೆ. ಕತ್ತಲ ಕರೆಂಟ್ ಏರುತ್ತದೆ. ಅದಕ್ಕೇ ನಿಮಗೆ ಎಷ್ಟು ದೂರ ಕಾಣಬೇಕೋ ಅಷ್ಟೇ ಗ್ಯಾಪ್ ಇಳಿಸಿ, ಒಂದು ಚೂರೂ ಜಾಸ್ತಿ ಬೇಡ.

ಕುಮಟಾ ಸರ್ ಪ್ರಶ್ನೆ ನ್ಯಾಯವಾದದ್ದು. 970ರಲ್ಲಿ ಒಂದೇ ಚುಕ್ಕೆ ಅಳೆಯಲು ಸಿಲಿಕಾನೇ ಸಾಕು, ಅಡಿಕೆ ಕೆಲಸ ಶುರು ಮಾಡುವಾಗ ಅದನ್ನೇ ಬಳಸಿ. ಪಾಲಿಮರ್‌ಗೆ ಬೇರೆ ಶಕ್ತಿ ಇದೆ. ಸಿಲಿಕಾನ್‌ಗೆ ಬಣ್ಣ ಬೇರ್ಪಡಿಸಲು ಮುಂದೆ ಫಿಲ್ಟರ್ ಬೇಕು. ಪಾಲಿಮರ್ ಪದರವನ್ನು ಮೈಕ್ರಾನ್‌ಗಳಷ್ಟು ದಪ್ಪ ಮಾಡಿದರೆ ಅದೇ ಫಿಲ್ಟರ್ ಆಗುತ್ತದೆ. ಗಿಡ್ಡ ತರಂಗದ ಬೆಳಕು ಮೇಲ್ಪದರದಲ್ಲೇ ಮುಗಿದು, ಅಲ್ಲಿ ಹುಟ್ಟಿದ ಚಾರ್ಜ್ ಆಚೆ ದಡ ಸೇರುವ ಮೊದಲೇ ಸಾಯುತ್ತದೆ. ಪಾಲಿಮರ್ ಅಷ್ಟಾಗಿ ಹೀರದ, ಗ್ಯಾಪ್ ಅಂಚಿನ ಬೆಳಕು ಮಾತ್ರ ಒಳಗೆಲ್ಲ ಹಬ್ಬಿ ಕರೆಂಟ್ ಕೊಡುತ್ತದೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನು ತೋರಿಸಿದರು. ತೇವ ಅಳೆಯಲು ನೀರು ಹೀರುವ ತರಂಗ ಒಂದು, ಹೀರದ ತರಂಗ ಒಂದು, ಎರಡರ ಅನುಪಾತ ಬೇಕು. ಎರಡು ಪಾಲಿಮರ್, ಎರಡು ಕಿರಿದಾದ ಕಿಟಕಿ. ನಾನು ನಿಮ್ಮ ಜಾಗದಲ್ಲಿದ್ದರೆ ಇದನ್ನೇ ಪ್ರಾಜೆಕ್ಟಿನ ಗುರಿ ಅಂತ ಬರೆಯುತ್ತಿದ್ದೆ.

ಉತ್ತರ: ಯಲ್ಲಾಪುರ_ತೋಟ

ತಂಗಿ, ಪಾಲಿಮರ್ ವಿಷಯ ನನಗೆ ತಿಳಿಯುವುದಿಲ್ಲ, ಅಡಿಕೆ ವಿಷಯ ಹೇಳುತ್ತೇನೆ. ನೀನು ಯಾವ ಅಡಿಕೆ ಅಳೆಯುವವಳು ಅಂತ ಮೊದಲು ಗಟ್ಟಿ ಮಾಡಿಕೋ. ಹಸಿ ಕಾಯಿ ಬೇಯಿಸಿ ಚೊಗರು (ಅಡಿಕೆ ಬೇಯಿಸಿದ ಗಟ್ಟಿ ಕೆಂಪು ರಸ) ಹಚ್ಚಿ ಒಣಗಿಸಿದ ಕೆಂಪಡಿಕೆ ಬೇರೆ. ಹಣ್ಣಾದ ಮೇಲೆ ಸಿಪ್ಪೆ ಸಮೇತ 40-45 ದಿನ ಬಿಸಿಲಿಗೆ ಹಾಕಿ ಸುಲಿದ ಚಾಲಿ ಬೇರೆ. ಚೊಗರಿನ ಬಣ್ಣದಲ್ಲಿ ನಿನ್ನ ಬೆಳಕು ಒಳಗೆ ಹೋಗುತ್ತದೋ ಇಲ್ಲವೋ ನೋಡಬೇಕು. ಚಾಲಿಯಿಂದ ಶುರು ಮಾಡು.

ಒಣಗಿದ್ದು ನಾವು ನೋಡುವುದು ಕಿವಿಯಿಂದ. ಸಿಪ್ಪೆಯೊಳಗೆ ಅಡಿಕೆ ಬಿಟ್ಟುಕೊಂಡು ಗಲಗಲ ಅನ್ನಬೇಕು. ಆದರೆ ಹೊರಗೆ ಒಣಗಿ ನಡುವೆ ಹಸಿ ಉಳಿದದ್ದು ಕಿವಿಗೂ ಗೊತ್ತಾಗುವುದಿಲ್ಲ, ಕಣ್ಣಿಗೂ ಗೊತ್ತಾಗುವುದಿಲ್ಲ. ಚೀಲದಲ್ಲಿ ಕೂತ ಮೇಲೆ ಬೂಸು ಹಿಡಿದು ದರ ಹೋಗುತ್ತದೆ. ಒಡೆಯದೆ ನಡುವಿನ ತೇವ ಹೇಳುವ ಯಂತ್ರ ಬಂದರೆ ಬೆಳೆಗಾರರಿಗೆ ದೊಡ್ಡ ಉಪಕಾರ.

ಅಂಕೋಲೆ_ಕೆಮಿಸ್ಟ್ರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಲ್ಲಾಪುರದ ಅಣ್ಣ ಹೇಳಿದ್ದು ಬಹಳ ಉಪಯೋಗವಾಯಿತು, ಚಾಲಿಯನ್ನೇ ತಗೊಳ್ಳುತ್ತೇನೆ. ಸೋಂದೆ ಸರ್, ಡಿಪಿಪಿ ಪಾಲಿಮರ್ ನಮ್ಮ ಲ್ಯಾಬ್‌ನಲ್ಲೇ ಮಾಡಬಹುದಾ? ಓದಿದ ಕಡೆ ಸ್ಟಿಲೆ ರಿಯಾಕ್ಷನ್ ಅಂತಿದೆ, ಟ್ರೈಮೀಥೈಲ್ ಟಿನ್ ಬೇಕಂತೆ. ನಮ್ಮ ಫ್ಯೂಮ್ ಹುಡ್ ಎಳೆತ ಅಷ್ಟು ಚೆನ್ನಾಗಿಲ್ಲ. ಮತ್ತೆ, 970ರ ಬದಲು ನೀರು ಜೋರಾಗಿ ಹೀರುವ 1450 ಒಳ್ಳೆಯದಲ್ವಾ?

ಸೋಂದೆ_ಪಾಲಿಮರ್

ಟಿನ್ ಮುಟ್ಟಬೇಡಿ. ಟ್ರೈಮೀಥೈಲ್ ಟಿನ್ ಕ್ಲೋರೈಡ್ ಆವಿಯಾಗುತ್ತದೆ, ಚರ್ಮದಲ್ಲೂ ಇಳಿಯುತ್ತದೆ, ನರಮಂಡಲಕ್ಕೆ ವಿಷ. ಹುಡ್ ಸರಿ ಇಲ್ಲದ ಕಡೆ ಅದರ ಬಾಟಲಿ ತೆರೆಯುವುದೇ ತಪ್ಪು. ಗೈಡ್ ಒತ್ತಾಯ ಮಾಡಿದರೂ ಬೇಡ ಅನ್ನಿ.

ನೀವು ಮಾಡಲು ಪಿಸಿಡಿಟಿಬಿಟಿ ಅನ್ನುವ ಪಾಲಿಮರ್ ಸರಿ. 2007ರಲ್ಲಿ ಕೆನಡಾದ ಲವಾಲ್ ವಿಶ್ವವಿದ್ಯಾಲಯದ ಲೆಕ್ಲರ್ಕ್ ಗುಂಪು ಮಾಡಿದ್ದು. ಕಾರ್ಬಜೋಲ್, ಥಯೋಫೀನ್, ಬೆಂಜೊಥಯಡಯಜೋಲ್ ತುಂಡುಗಳನ್ನು ಸುಜುಕಿ ರಿಯಾಕ್ಷನ್‌ನಲ್ಲಿ ಜೋಡಿಸುತ್ತಾರೆ. ಬೋರಾನ್ ಬಳಕೆ, ಟಿನ್ ಇಲ್ಲ. ನೀರು ಬೆರೆತ ದ್ರಾವಕದಲ್ಲೇ ನಡೆಯುತ್ತದೆ, ಹಾಗಾಗಿ ಮಳೆಗಾಲದಲ್ಲೂ ಆದೀತು. ಆದರೆ ಆಮ್ಲಜನಕ ಆಗುವುದಿಲ್ಲ, ನೈಟ್ರೋಜನ್ ಅಥವಾ ಆರ್ಗಾನ್ ಚೆನ್ನಾಗಿ ಗುಳುಗುಳು ಬಿಡಿ. ಇದರ ಎಲೆಕ್ಟ್ರಾನ್‌ಗಳು ಪಿ3ಎಚ್‌ಟಿಗಿಂತ ಆಳದಲ್ಲಿ ಕೂತಿರುತ್ತವೆ, ಗಾಳಿ ಸುಲಭಕ್ಕೆ ಕಿತ್ತುಕೊಳ್ಳುವುದಿಲ್ಲ. ನಮ್ಮ ಕಡೆಯ ಹವೆಗೆ ಇದು ದೊಡ್ಡ ಅನುಕೂಲ. 970 ಇದಕ್ಕೂ ಕಾಣುವುದಿಲ್ಲ, ಕೆಂಪಿನವರೆಗೆ ಮಾತ್ರ. ಕತ್ತಲ ಕರೆಂಟ್ ಇಳಿಸುವ ಕೆಲಸ ಮೊದಲು ಇದರಲ್ಲಿ ಕೈಗೆ ಹತ್ತಲಿ, ಡಿಪಿಪಿ ಪಾಲಿಮರ್ ಕೊಂಡು ಅದೇ ರಚನೆಯಲ್ಲಿ ಹಾಕಿ.

ಪೆಲೇಡಿಯಂ ಮರೆಯಬೇಡಿ. ಸುಜುಕಿಯ ವೇಗವರ್ಧಕ ಪಾಲಿಮರ್‌ನಲ್ಲಿ ಸಿಕ್ಕಿ ಉಳಿಯುತ್ತದೆ, ಕಬ್ಬಿಣದ ಹಾಗೆಯೇ ಕತ್ತಲಲ್ಲಿ ತೊಂದರೆ ಕೊಡುತ್ತದೆ. ಸೋಡಿಯಂ ಡೈಈಥೈಲ್‌ಡೈಥಯೋಕಾರ್ಬಮೇಟ್ ನೀರಿನ ಜೊತೆ ಬಿಸಿಯಾಗಿ ಕಲಕಿದರೆ ಅದು ಪೆಲೇಡಿಯಂ ಅನ್ನು ಹಿಡಿದುಕೊಂಡು ಬರುತ್ತದೆ. ಆಮೇಲೆ ಸಾಕ್ಸ್‌ಲೆಟ್.

1450 ಬೇಡ. ನೀರು ಅಲ್ಲಿ ಎಷ್ಟು ಜೋರಾಗಿ ಹೀರುತ್ತದೆ ಅಂದರೆ ಬೆಳಕು ಅಡಿಕೆಯ ಮೇಲ್ಮೈ ದಾಟುವುದೇ ಕಷ್ಟ. ಯಲ್ಲಾಪುರದವರಿಗೆ ಬೇಕಾಗಿರುವುದು ನಡುವಿನ ತೇವ. 970ರಲ್ಲಿ ಹೀರುವಿಕೆ ಕಡಿಮೆ, ಅದಕ್ಕೇ ಬೆಳಕು ಒಳಗೆ ಇಳಿಯುತ್ತದೆ. ಪ್ರತಿ ಅಡಿಕೆಯನ್ನೂ ಅಳೆದ ಮೇಲೆ ಒಡೆದು ತೂಗಿ, 105 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. ಆ ತೂಕವೇ ನಿಮ್ಮ ಅಳತೆಗೆ ಆಧಾರ.

ವರದಿಯಲ್ಲಿ ಒಂದು ಎಚ್ಚರ. ಕತ್ತಲ ಕರೆಂಟ್ ಅನ್ನು ಸೂತ್ರಕ್ಕೆ ಹಾಕಿ ಡಿಟೆಕ್ಟಿವಿಟಿ (ಎಷ್ಟು ಮಂದ ಬೆಳಕನ್ನು ಗುರುತಿಸಬಲ್ಲದು ಅನ್ನುವ ಅಳತೆ) ಇಷ್ಟು ಜೋನ್ಸ್ ಎಂದು ಬರೆಯುವುದು ಈ ಕ್ಷೇತ್ರದಲ್ಲಿ ರೂಢಿಯಾಗಿಬಿಟ್ಟಿದೆ. ಅದು ಶಾಟ್ ನಾಯ್ಸ್ (ಚಾರ್ಜ್ ಬಿಡಿಬಿಡಿಯಾಗಿ ಹರಿಯುವುದರಿಂದ ಆಗುವ ಏರಿಳಿತ) ಒಂದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ನಿಜವಾದ ನಾಯ್ಸ್ ಅದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು. ಕುಮಟಾ ಸರ್ ಹೇಳಿದ ಪೆಟ್ಟಿಗೆಯಲ್ಲಿಟ್ಟು ನಾಯ್ಸ್ ಅಳೆದು ಬರೆಯಿರಿ. ಅಂಕಿ ಚಿಕ್ಕದಾದರೂ ಅದು ನಿಮ್ಮದು.

ಸದ್ಯಕ್ಕೆ ಎರಡು ಗ್ರಾಫ್ ಇಲ್ಲಿ ಹಾಕಿ: ಎರಡೂ ಪಿ3ಎಚ್‌ಟಿಗಳ ಯುವಿ-ವಿಸಿಬಲ್, ಮತ್ತು ಜುಲೈ ಡಯೋಡ್ ಅನ್ನು ವ್ಯಾಕ್ಯೂಮ್‌ನಲ್ಲಿ ಕಾಯಿಸುವ ಮೊದಲಿನ, ನಂತರದ ಕತ್ತಲ ಕರೆಂಟ್, ಪ್ಲಸ್ 2ರಿಂದ ಮೈನಸ್ 2 ವೋಲ್ಟ್‌ವರೆಗೆ. ನೋಡಿ ಹೇಳುತ್ತೇನೆ.